ಅತ್ತೆ ಮನೆಯ ಸೇರು

“ಅಕ್ಕ, ಫಂಡಮೆಂಟಲ್ ಯೂನಿಟ್‌ಗೂ ಡಿರೈವ್ಡ್ ಯೂನಿಟ್‌ಗೂ ಏನು ವ್ಯತ್ಯಾಸ? ನಾಲ್ಕು ಮಾರ್ಕ್ಸಿಗೆ ಸಾಕಾಗೋ ಅಷ್ಟು ಹೇಳು.”

ಕೇಳಿದವನು ತಿ. ನರಸೀಪುರದಲ್ಲಿರುವ ನನ್ನ ಸೋದರತ್ತೆಯ ಮೊಮ್ಮಗ. ಸಂಬಂಧದ ಲೆಕ್ಕದಲ್ಲಿ ನಾನು ಅವನಿಗೆ ಚಿಕ್ಕಮ್ಮ ಆಗಬೇಕು, ಆದರೆ ಅಕ್ಕ ಎಂದೇ ರೂಢಿಯಾಗಿಬಿಟ್ಟಿದೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, 2024ರ ಜೂನಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದ. ಭೌತಶಾಸ್ತ್ರದ ಮೊದಲ ಪಾಠವೇ ಇದು. ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಏನೋ ಇತ್ತು, ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದ, ಅರ್ಥವಾಗಿರಲಿಲ್ಲ. ನಾನು ಜಗುಲಿಯ ಮೇಲೆ ಕೂತು ಅತ್ತೆಯ ಜೊತೆ ಹಲಸಿನ ತೊಳೆ ಬಿಡಿಸುತ್ತಿದ್ದೆ. ಕೈಗೆ ಎಣ್ಣೆ ಸವರಿಕೊಂಡಿದ್ದರಿಂದ ಪುಸ್ತಕ ಮುಟ್ಟುವಂತಿರಲಿಲ್ಲ.

ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು. ಆಮೇಲೆ ದಾರಿ ಬದಲಿಸಿ ಇತಿಹಾಸಕ್ಕೆ ಬಂದೆ. ಈಗ ಮಾನಸಗಂಗೋತ್ರಿಯಲ್ಲಿ, ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಶಾಸನಗಳಲ್ಲಿ ಬರುವ ಭೂಮಿಯ ಅಳತೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಅಳತೆಯ ವಿಷಯ ಯಾರಾದರೂ ಕೇಳಿದರೆ ಬಾಯಿ ಮುಚ್ಚಿಕೊಂಡಿರುವುದು ನನಗೆ ಕಷ್ಟ. ಅವನಿಗೆ ಹೇಳಿದೆ: ಬೇರೆ ಯಾವ ಮಾನದ ಸಹಾಯವೂ ಇಲ್ಲದೆ ತನ್ನ ಕಾಲ ಮೇಲೆ ತಾನು ನಿಂತದ್ದು ಮೂಲಮಾನ. ಉದ್ದಕ್ಕೆ ಮೀಟರ್, ದ್ರವ್ಯರಾಶಿಗೆ ಕಿಲೋಗ್ರಾಂ, ಕಾಲಕ್ಕೆ ಸೆಕೆಂಡ್. ಇವನ್ನು ಗುಣಿಸಿ ಭಾಗಿಸಿ ಪಡೆದದ್ದು ಸಾಧಿತ ಮಾನ. ಮೀಟರನ್ನು ಮೀಟರಿನಿಂದ ಗುಣಿಸಿದರೆ ಚದರ ಮೀಟರ್, ಇನ್ನೊಮ್ಮೆ ಗುಣಿಸಿದರೆ ಘನ ಮೀಟರ್, ಮೀಟರನ್ನು ಸೆಕೆಂಡಿನಿಂದ ಭಾಗಿಸಿದರೆ ವೇಗ. ಮೂಲಮಾನಗಳು ಒಟ್ಟು ಏಳು. 1960ರಲ್ಲಿ ಈಗಿನ ಅಂತರರಾಷ್ಟ್ರೀಯ ಪದ್ಧತಿಗೆ ಹೆಸರಿಟ್ಟಾಗ ಆರೇ ಇದ್ದವು, 1971ರಲ್ಲಿ ಮೋಲ್ ಸೇರಿ ಏಳಾಯಿತು.

“ಆರಿದ್ದದ್ದು ಏಳಾಗುತ್ತೆ ಅಂದ್ರೆ ಅದೆಂಥ ಮೂಲ?” ಅಂದ ಹುಡುಗ.

ಒಳ್ಳೆಯ ಪ್ರಶ್ನೆ. ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಸಿಗದಂಥ ಒಳ್ಳೆಯ ಪ್ರಶ್ನೆ. ‘ಸಾಧಿತ’ ಎನ್ನುವುದಕ್ಕಿಂತ ‘ಜನ್ಯ’ ಎನ್ನುವ ಮಾತು ನನಗೆ ಹೆಚ್ಚು ಹಿಡಿಸುತ್ತದೆ, ಸಂಗೀತದಲ್ಲಿ ಹೇಳುವ ಹಾಗೆ. ಎಪ್ಪತ್ತೆರಡು ಮೇಳಕರ್ತ ರಾಗಗಳು, ಉಳಿದವೆಲ್ಲ ಅವುಗಳಿಂದ ಹುಟ್ಟಿದ ಜನ್ಯರಾಗಗಳು. ಆದರೆ ಎಷ್ಟೋ ಜನ್ಯರಾಗಗಳು ಮೇಳಕರ್ತದ ಪಟ್ಟಿ ಸಿದ್ಧವಾಗುವ ಮೊದಲೇ ಹಾಡುವವರ ಗಂಟಲಿನಲ್ಲಿದ್ದವು. ಮಕ್ಕಳು ದೊಡ್ಡವರಾದ ಮೇಲೆ ತಾಯಿಯನ್ನು ಹುಡುಕಿಕೊಟ್ಟ ಹಾಗೆ. ಇದನ್ನು ಹುಡುಗನಿಗೆ ಹೇಳುವ ಗೋಜಿಗೆ ಹೋಗಲಿಲ್ಲ, ಸಂಗೀತವನ್ನೂ ಬೇರೆ ವಿವರಿಸಬೇಕಾಗುತ್ತಿತ್ತು.

ಇಷ್ಟು ಹೊತ್ತೂ ಸುಮ್ಮನೆ ತೊಳೆ ಬಿಡಿಸುತ್ತಿದ್ದ ಅತ್ತೆ ಕೇಳಿದರು: “ಸೇರು ಯಾವುದಾಯ್ತು ಹಂಗಾರೆ? ಮೂಲದ್ದೋ, ಹುಟ್ಟಿದ್ದೋ?”

ಕೇಳಿದವರೇ ಎದ್ದು ಒಳಗೆ ಹೋಗಿ ಅಟ್ಟದ ಮೇಲಿಂದ ಹಿತ್ತಾಳೆಯ ಸೇರನ್ನು ತಂದಿಟ್ಟರು. 1986ರಲ್ಲಿ ಅವರ ಮದುವೆಯಾದಾಗ ನಮ್ಮ ತಾತ ಕೊಟ್ಟಿದ್ದು. ಹೊಸ್ತಿಲ ಮೇಲೆ ಅಕ್ಕಿ ತುಂಬಿಟ್ಟು ಬಲಗಾಲಿನಿಂದ ಒದ್ದು ಮನೆತುಂಬಿಸಿಕೊಂಡದ್ದು ಇದೇ ಸೇರನ್ನು. ಅಂಚಿನ ಬಳಿ ಸರ್ಕಾರದ ಮುದ್ರೆ ಸವೆದು ಉಗುರಿನ ಗುರುತಿನ ಹಾಗೆ ಉಳಿದಿದೆ. ತಾತನ ಕಣದಲ್ಲಿ ಇದರ ಜೊತೆಯದೇ ಇನ್ನೊಂದು ಸೇರು ಇತ್ತಂತೆ. ಎರಡನ್ನೂ ಒಂದೇ ಅಂಗಡಿಯಲ್ಲಿ ತಂದದ್ದು. ಅದೂ ಇಲ್ಲ, ಕೊಳಗವೂ ಇಲ್ಲ. ಹಳೇ ಪಾತ್ರೆಯವನಿಗೆ ಹಾಕಿ ಸ್ಟೀಲು ತೆಗೆದುಕೊಂಡದ್ದು ನನಗೂ ಮಸುಕಾಗಿ ನೆನಪಿದೆ.

ಪ್ರಯೋಗ ಮಾಡೋಣ ಎಂದೆ. ಒಂದು ಲೀಟರಿನ ನೀರಿನ ಬಾಟಲಿ ತಂದು ಸೇರಿಗೆ ಸುರಿದೆವು. ಒಂದು ಬಾಟಲಿ ಪೂರ್ತಿ ಹಿಡಿದು, ಇನ್ನೊಂದರ ಐದನೇ ಒಂದು ಭಾಗವೂ ಹಿಡಿಸಿತು. ಸುಮಾರು 1.2 ಲೀಟರ್. ಆಮೇಲೆ ಸೇರನ್ನು ಒರೆಸಿ, ಚೀಲದ ತಳದಲ್ಲಿ ಉಳಿದಿದ್ದ ಭತ್ತ ತುಂಬಿ, ಅಂಗೈಯಿಂದ ತಲೆ ಹೊಡೆದು, ಬೀದಿಯ ಕೊನೆಯ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿಕೊಂಡು ಬಾ ಎಂದು ಹುಡುಗನನ್ನು ಕಳಿಸಿದೆ. ಅವನು ಓಡಿಬಂದು ಹೇಳಿದ: ಪಾತ್ರೆಯ ತೂಕ ಕಳೆದು 690 ಗ್ರಾಂ.

“ನೋಡು, ಸೇರು ಅಂದ್ರೆ ಗಾತ್ರ. ಉದ್ದ, ಅಗಲ, ಎತ್ತರ ಸೇರಿದ್ದು. ಹಾಗಾಗಿ ಸಾಧಿತ ಮಾನ” ಎಂದು ಹೇಳುತ್ತಿದ್ದೆ. ಹೇಳುತ್ತಿದ್ದಂತೆಯೇ ತಲೆಯೊಳಗೆ 690ನ್ನು 160ರಿಂದ ಗುಣಿಸಿಬಿಟ್ಟೆ. ಯಾಕೆ ಗುಣಿಸಿದೆನೋ. ಅಳತೆಯ ಪದ ಕಂಡ ಕೂಡಲೇ ಹಾಗೆ ಮಾಡುವುದು ಅಭ್ಯಾಸವಾಗಿದೆ. ಉತ್ತರ ನೂರ ಹತ್ತು ಕೆ.ಜಿ. ಬಂತು. ಬರಬೇಕಾಗಿದ್ದದ್ದು ನಲವತ್ತೈದು.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ನಮ್ಮೂರು ನಂಜನಗೂಡಿಗೆ ಹತ್ತಿರದ ಒಂದು ಹಳ್ಳಿ, ಕಬಿನಿ ನಾಲೆಯ ನೀರು ಬರುವ ಕಡೆ. ತಾತ ಬದುಕಿದ್ದಾಗಲೇ 2001ರಲ್ಲಿ ಜಮೀನನ್ನು ಅಪ್ಪ ಮತ್ತು ಚಿಕ್ಕಪ್ಪನಿಗೆ ವಿಭಾಗ ಮಾಡಿ ರಿಜಿಸ್ಟರ್ ಮಾಡಿಸಿದರು. ಅತ್ತೆಗೆ ಪಾಲಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಮದುವೆಯಾದವರನ್ನೂ ಒಳಗೊಂಡ 2005ರ ಕೇಂದ್ರ ತಿದ್ದುಪಡಿ 2004ರ ಡಿಸೆಂಬರ್ 20ಕ್ಕೆ ಮೊದಲು ರಿಜಿಸ್ಟರ್ ಆಗಿದ್ದ ವಿಭಾಗಗಳನ್ನು ಮುಟ್ಟಲಿಲ್ಲ. ಅತ್ತೆ ಎರಡು ಕಾನೂನುಗಳ ಸಂದಿಯಲ್ಲಿ ಬಿದ್ದುಹೋದರು. ತಾತನಿಗೆ ಕಾನೂನು ಗೊತ್ತಿರಲಿಲ್ಲ, ಮನಸ್ಸಿಗೆ ಏನೋ ಚುಚ್ಚಿರಬೇಕು. ವಿಭಾಗವಾದ ದಿನ ಇಬ್ಬರು ಗಂಡುಮಕ್ಕಳನ್ನೂ ಕೂರಿಸಿಕೊಂಡು, “ನನ್ನ ಮಗಳಿಗೆ ವರ್ಷಕ್ಕೊಂದು ಖಂಡುಗ ಭತ್ತ ಹೋಗ್ಬೇಕು. ಅವಳು ಇರೋವರ್ಗೂ” ಅಂದರಂತೆ. ಬರವಣಿಗೆ ಏನೂ ಇಲ್ಲ, ಬಾಯಿಮಾತು.

ನಮ್ಮ ಮನೆಯ ಲೆಕ್ಕದಲ್ಲಿ ಕೊಳಗಕ್ಕೆ ಎಂಟು ಸೇರು. ಖಂಡುಗಕ್ಕೆ ಇಪ್ಪತ್ತು ಕೊಳಗ. ಅಲ್ಲಿಗೆ 160 ಸೇರು. ಹದಿನಾಲ್ಕು ವರ್ಷ ಅದು ಹಾಗೇ ಅಳೆದು ಹೋಯಿತು. ಕೊಳಗ ಪಾತ್ರೆಯವನ ಪಾಲಾದ ಮೇಲೆ, 2015ರ ಡಿಸೆಂಬರಿನಲ್ಲಿ, ಚಿಕ್ಕಪ್ಪ “ಇದನ್ನ ಕೆ.ಜಿ. ಮಾಡ್ಬಿಡಿ, ಸುಮ್ನೆ ಯಾಕೆ ರಗಳೆ” ಅಂದರು. ಅಪ್ಪ ನನ್ನ ಕಡೆ ನೋಡಿದರು. ನಾನಾಗ ಎರಡನೇ ವರ್ಷದ ಬಿ.ಎಸ್ಸಿ., ಹತ್ತೊಂಬತ್ತು ವರ್ಷ, ಮನೆಯಲ್ಲಿ ಮೊದಲ ಡಿಗ್ರಿ ಓದುವವಳು. ಎರಡು ದಿನ ಟೈಮು ಕೊಡಿ ಎಂದು ಹೇಳಿ, ಕಾಲೇಜಿನ ಲೈಬ್ರರಿಯಲ್ಲಿ ಹಳೆಯ ಪುಸ್ತಕವೊಂದನ್ನು ತಿರುವಿ ಹಾಕಿ, ಮೈಸೂರಿನ ಸೇರು ಎಂದರೆ 24 ರೂಪಾಯಿ ತೂಕ ಎಂದು ಕಂಡುಕೊಂಡು ಬಂದೆ. ಒಂದು ರೂಪಾಯಿ ತೂಕವೆಂದರೆ ಒಂದು ತೊಲ, 11.66 ಗ್ರಾಂ. ಇಪ್ಪತ್ತನಾಲ್ಕು ತೊಲಕ್ಕೆ 280 ಗ್ರಾಂ. 160 ಸೇರಿಗೆ 44.8 ಕೆ.ಜಿ. ಕೈ ಸಡಿಲ ಮಾಡಿ ನಲವತ್ತೈದು ಎಂದು ಬರೆದುಕೊಟ್ಟೆ. ದಶಮಾಂಶ ಬಿಂದುವಿನ ನಂತರದ ಎರಡು ನೂರು ಗ್ರಾಮನ್ನು ಅತ್ತೆಗೆ ಬಿಟ್ಟುಕೊಟ್ಟೆನಲ್ಲ ಎಂದು ಹೆಮ್ಮೆಯೂ ಇತ್ತು.

ಅದೇ ಪುಸ್ತಕದಲ್ಲಿ ಇನ್ನೊಂದು ಪುಟ ಮಗುಚಿದ್ದರೆ ಸಾಕಿತ್ತು. ಹಳೇ ಮೈಸೂರಿನಲ್ಲಿ ಸೇರು ಎಂಬ ಹೆಸರಿನವು ಎರಡಿದ್ದವು. ಬೆಲ್ಲ, ಹುಣಸೆ, ಅಡಿಕೆ ತೂಗುವ ಸೇರು ಒಂದು, ಅದು ತಕ್ಕಡಿಯ ಬೊಟ್ಟು. 24 ರೂಪಾಯಿ ತೂಕದ ಕಚ್ಚಾ ಸೇರು ಇದೇ. ದವಸ ಅಳೆಯುವ ಸೇರು ಇನ್ನೊಂದು, ಅದು ಪಾತ್ರೆ. ಮೊದಲನೆಯದು ದ್ರವ್ಯರಾಶಿ, ಪಿಯುಸಿ ಪುಸ್ತಕದ ಪ್ರಕಾರ ಮೂಲ. ಎರಡನೆಯದು ಗಾತ್ರ, ಜನ್ಯ. ತಾತ ಹೇಳಿದ್ದು ಪಾತ್ರೆಯ ಸೇರು, ನಾನು ಹಿಡಿದದ್ದು ಬೊಟ್ಟಿನ ಸೇರು. ಭೌತಶಾಸ್ತ್ರದ ಮೊದಲ ಪಾಠದ ಮೊದಲ ವ್ಯತ್ಯಾಸವನ್ನೇ ತಪ್ಪಿ, ಮೇಲಿನ ಗುಣಾಕಾರವನ್ನೆಲ್ಲ ಸರಿಯಾಗಿ ಮಾಡಿದ್ದೆ. ಗುಲಗಂಜಿ ತನ್ನ ಕಪ್ಪು ತಾನರಿಯದು.

ಈ ಗೊಂದಲ ನನ್ನೊಬ್ಬಳದೇ ಅಲ್ಲ ಎಂಬುದು ಆಮೇಲೆ ತಿಳಿಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ, ಆದರೂ ಹೇಳುತ್ತೇನೆ. 1901ರಲ್ಲಿ ವಿಜ್ಞಾನಿಗಳು ಲೀಟರನ್ನು ಒಂದು ಕಿಲೋಗ್ರಾಂ ನೀರು ಹಿಡಿಯುವ ಜಾಗ ಎಂದು ನಿರ್ಧರಿಸಿದರು. ಅಂದರೆ ಗಾತ್ರವನ್ನು ಉದ್ದದಿಂದ ಹುಟ್ಟಿಸದೆ ತೂಕದಿಂದ ಹುಟ್ಟಿಸಿದರು. ಹಾಗೆ ಹುಟ್ಟಿದ ಲೀಟರ್ ಹತ್ತು ಸೆಂಟಿಮೀಟರ್ ಘನಕ್ಕಿಂತ ಹತ್ತು ಲಕ್ಷಕ್ಕೆ 28 ಪಾಲಿನಷ್ಟು ದೊಡ್ಡದಾಗಿ ಕೂತಿತು. ಒಂದೇ ಹೆಸರಿನ ಕೆಳಗೆ ಎರಡು ಗಾತ್ರಗಳು ಅರವತ್ತಕ್ಕೂ ಹೆಚ್ಚು ವರ್ಷ ಓಡಾಡಿಕೊಂಡಿದ್ದವು, 1964ರಲ್ಲಿ ಆ ಹಳೆಯ ನಿರ್ಧಾರವನ್ನು ರದ್ದು ಮಾಡುವವರೆಗೆ. ಅವರದು ಹತ್ತು ಲಕ್ಷಕ್ಕೆ 28ರ ತಪ್ಪು. ನನ್ನದು ನೂರ ಹತ್ತಕ್ಕೆ ಅರವತ್ತೈದು.

ಆ ಸಂಜೆ ಹುಡುಗನಿಗೆ ಸೇರು ಸಾಧಿತ ಮಾನ ಎಂದು ಹೇಳಿದೆನಲ್ಲ, ಅದೂ ಅರ್ಧ ಸುಳ್ಳೇ. ತಾತನ ಲೋಕದಲ್ಲಿ ಸೇರು ಯಾವುದರಿಂದಲೂ ಹುಟ್ಟಿದ್ದಲ್ಲ. ಅದೇ ಮೂಲ. ಅದರಿಂದ ಉಳಿದದ್ದು ಹುಟ್ಟುತ್ತಿತ್ತು. ಪಹಣಿಯಲ್ಲಿ ಒಂದು ಎಕರೆ ಎರಡು ಗುಂಟೆ ಎಂದಿರುವ ನಮ್ಮ ಗದ್ದೆಗೆ ತಾತ ಕೊನೆಯವರೆಗೂ ‘ಹತ್ತು ಕೊಳಗದ ಗದ್ದೆ’ ಎಂದೇ ಅನ್ನುತ್ತಿದ್ದರು. ಅಷ್ಟು ನೆಲಕ್ಕೆ ಹತ್ತು ಕೊಳಗ ಬಿತ್ತನೆ ಭತ್ತ ಬೇಕು ಎಂದು ಅರ್ಥ. ಬೀಜವರಿ ಎಂದು ಇದಕ್ಕೆ ಹೆಸರು. ನಾನು ಓದುವ ಶಾಸನಗಳಲ್ಲೂ ಇದೇ ಕಥೆ. ಈ ಎರಡೂ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೂರನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಅದನ್ನು ತೆರೆದರೆ ದೇವರಿಗೋ ಬ್ರಾಹ್ಮಣನಿಗೋ ಕೆರೆ ಕಟ್ಟಿಸಿದವನಿಗೋ ಕೊಟ್ಟ ಭೂಮಿ ಖಂಡುಗ, ಕೊಳಗ, ಸಲಗೆಗಳ ಲೆಕ್ಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಬೇರೆ ಕಡೆ ಗಳೆ ಹಿಡಿದು ಅಳೆದ ಮತ್ತರು, ಕಮ್ಮಗಳೂ ಇವೆ, ಇಲ್ಲವೆಂದಲ್ಲ. ಆದರೆ ನೀರುಣ್ಣುವ ಗದ್ದೆಯ ಸೀಮೆಯಲ್ಲಿ ಜನರ ಬಾಯಲ್ಲಿ ನಿಂತದ್ದು ಬೀಜವೇ.

ಈಗಿನ ಪಾಠದ ಪ್ರಕಾರ ಇದು ತಲೆಕೆಳಗು. ಉದ್ದದಿಂದ ವಿಸ್ತೀರ್ಣ, ವಿಸ್ತೀರ್ಣದಿಂದ ಗಾತ್ರ ಹುಟ್ಟಬೇಕು. ಇಲ್ಲಿ ಗಾತ್ರ ಮೊದಲು, ಅದರಿಂದ ವಿಸ್ತೀರ್ಣ, ಉದ್ದದ ಮಾತೇ ಇಲ್ಲ. ಅಷ್ಟೇ ಅಲ್ಲ, ಗದ್ದೆಯ ಖಂಡುಗಕ್ಕೂ ಬೆದ್ದಲಿನ ಖಂಡುಗಕ್ಕೂ ನೆಲದ ಹರವು ಬೇರೆ ಬೇರೆ, ಯಾಕೆಂದರೆ ಬೀಜ ಹಿಡಿಯುವ ಪ್ರಮಾಣ ಬೇರೆ. ಮೊದಮೊದಲು ಪ್ರಬಂಧದಲ್ಲಿ ಇದನ್ನು ‘ಅನಿಶ್ಚಿತ ಮಾನ’ ಎಂದು ಬರೆದಿದ್ದೆ. ಗೈಡ್ ಅದರ ಕೆಳಗೆ ಕೆಂಪು ಗೆರೆ ಎಳೆದು “ಯಾರಿಗೆ ಅನಿಶ್ಚಿತ?” ಎಂದು ಕೇಳಿದ್ದರು. ಬಿತ್ತುವವನಿಗೆ ಅದರಲ್ಲಿ ಯಾವ ಅನಿಶ್ಚಯವೂ ಇರಲಿಲ್ಲ. ಕಂದಾಯ ಹಾಕುವವನಿಗೆ ಇತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಹೋದ ಕಡೆಯೆಲ್ಲ ಅಲ್ಲಿನ ಸೇರು, ಕೊಳಗ, ಖಂಡುಗಗಳನ್ನು ಹೊಸದಾಗಿ ಬರೆದುಕೊಳ್ಳಬೇಕಾಯಿತು. 1863ರಿಂದ ಮೈಸೂರಿನಲ್ಲಿ ರೆವಿನ್ಯೂ ಸರ್ವೆ ಶುರುವಾಗಿ, 33 ಅಡಿಯ ಸರಪಳಿ ಹೊಲಕ್ಕಿಳಿಯಿತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಆಗ ಉದ್ದ ಮೂಲವಾಯಿತು, ನೆಲ ಜನ್ಯವಾಯಿತು, ಬೀಜ ಲೆಕ್ಕದಿಂದಲೇ ಹೊರಗೆ ಹೋಯಿತು. ತಮಾಷೆಯೆಂದರೆ ಸರಪಳಿಯನ್ನು ಹದಿನಾರು ಪಾಲು ಮಾಡಿ ಪ್ರತಿ ಪಾಲಿಗೆ ‘ಆಣೆ’ ಎಂದು ಹೆಸರಿಟ್ಟರು, ಗುಂಟೆಯ ಹದಿನಾರನೇ ಪಾಲಿಗೂ ಆಣೆ ಎಂದೇ ಕರೆದರು. ದುಡ್ಡಿನ ಆಣೆ 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದಾಗ ಲೆಕ್ಕದಿಂದ ಹೋಯಿತು. ನೆಲದ ಆಣೆ ಸರ್ವೆಯವರ ಬಾಯಲ್ಲಿ ಇವತ್ತಿಗೂ ಇದೆ.

ಜನ್ಯಮಾನಗಳು ಬಾಯಲ್ಲಿ ಕೂತುಬಿಟ್ಟರೆ ಅವು ಜನ್ಯ ಎಂಬುದೇ ಮರೆತುಹೋಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಟೀ ಅಂಗಡಿಗೆ ಹೋಗಿ ನೋಡಿ. ಕಬಿನಿಯ ಒಳಹರಿವು ಎಷ್ಟು ಕ್ಯುಸೆಕ್, ಹೊರಹರಿವು ಎಷ್ಟು ಎಂದು ಹಾಲು ಹಾಕಲು ಬಂದವರೂ ಹೇಳುತ್ತಾರೆ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಉದ್ದವನ್ನು ಮೂರು ಸಲ ಗುಣಿಸಿ ಕಾಲದಿಂದ ಭಾಗಿಸಿದ್ದು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅದರಲ್ಲಿ ಕಾಲವಿಲ್ಲ. ಒಂದು ಹರಿವು, ಇನ್ನೊಂದು ರಾಶಿ. 11,574 ಕ್ಯುಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಎಂದು ತೀರ್ಪು ಕೊಟ್ಟದ್ದು ರಾಶಿಯ ಲೆಕ್ಕದಲ್ಲಿ, ಅಣೆಕಟ್ಟಿನ ಗೇಟು ತೆಗೆಯುವುದು ಹರಿವಿನ ಲೆಕ್ಕದಲ್ಲಿ. 2019ರ ಆಗಸ್ಟಿನಲ್ಲಿ ಕಬಿನಿಯಿಂದ ಲಕ್ಷ ಕ್ಯುಸೆಕ್ ಮೀರಿ ನೀರು ಬಿಟ್ಟು, ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯ ಮೇಲೆ ನೀರು ಬಂದಾಗ, ನಮ್ಮ ಅಜ್ಜಿ ಮಾತ್ರ ಆ ಸಂಖ್ಯೆಗೆ ಸೊಪ್ಪು ಹಾಕಲಿಲ್ಲ. “ಹದಿನಾರು ಕಾಲು ಮಂಟಪ ಎಷ್ಟು ಮುಳುಗ್ತು, ಅದ ಹೇಳು” ಎಂದು ಕೇಳುತ್ತಿದ್ದರು. ನಂಜನಗೂಡಿನ ಕಪಿಲೆಯ ದಡದಲ್ಲಿ ಹುಟ್ಟಿ ಬೆಳೆದವರಿಗೆ ಆ ಮಂಟಪ ಮೂಲಮಾನ.

ಸೇರು ತೂಗಿಸಿದ ಆ ಸಂಜೆಗೆ ಹಿಂತಿರುಗುತ್ತೇನೆ. ಹುಡುಗ ತನ್ನ ನಾಲ್ಕು ಮಾರ್ಕ್ಸು ಬರೆದುಕೊಂಡು ಆಡಲು ಹೋದ. ನಾನು ಅತ್ತೆಗೆ ಹೇಳಿದೆ, “ಅತ್ತೆ, ಲೆಕ್ಕ ತಪ್ಪಾಗಿದೆ. ನಿಮಗೆ ಪ್ರತಿ ವರ್ಷ ನೂರ ಹತ್ತು ಕೆ.ಜಿ. ಬರಬೇಕಿತ್ತು. ನಾನು ತಪ್ಪು ಸೇರು ಹಿಡಿದೆ.”

ಅತ್ತೆ ಹಲಸಿನ ಬೀಜಗಳನ್ನು ಮೊರಕ್ಕೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ. “ಗೊತ್ತು ಕಣವ್ವ” ಅಂದರು. “ಮೊದಲ್ನೇ ವರ್ಷ ಚೀಲ ಇಳಿಸ್ದಾಗ್ಲೇ ಗೊತ್ತಾಯ್ತು. ಎರಡು ಚೀಲ ಬರ್ತಿದ್ದುದು ಒಂದೇ ಬಂತು. ನಿಮ್ಮ ಚಿಕ್ಕಪ್ಪ ಹೇಳ್ದ, ಮಗಳು ಪುಸ್ತಕ ನೋಡಿ ಲೆಕ್ಕ ಹಾಕವಳೆ, ಸರ್ಕಾರದ್ದೇ ಲೆಕ್ಕ ಅಂತ. ಓದಿದೋಳು ನೀನು. ನಾನೇನು ಹೇಳ್ಲಿ?”

ನಾನು ಏನೋ ಹೇಳಲು ಹೋದೆ. “ಬಿಡು, ನಾಳೆ ಗುಂಜಾ ನರಸಿಂಹಸ್ವಾಮಿಗೆ ಹಣ್ಣುಕಾಯಿ ಮಾಡಿಸ್ಕೊಂಡು ಬಾ” ಎಂದು ಮಾತು ಬದಲಿಸಿದರು.

ಮಾರನೆಯ ದಿನ ಹೋದೆ. ಕಬಿನಿ ಬಂದು ಕಾವೇರಿಯನ್ನು ಸೇರುವ ಊರು ಇದು, ತಿರುಮಕೂಡಲು. ಈ ದೇವಸ್ಥಾನದ ನರಸಿಂಹ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಗುಲಗಂಜಿಯನ್ನು ಹಿಡಿದಿದ್ದಾನೆ ಎನ್ನುತ್ತಾರೆ. ಗುಂಜಾ ನರಸಿಂಹ ಎಂಬ ಹೆಸರು ಬಂದದ್ದೇ ಅದರಿಂದ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ಹೆಚ್ಚು ಎಂಬುದು ನಂಬಿಕೆ. ಚಿಕ್ಕಂದಿನಿಂದ ಕೇಳಿದ ಕಥೆಯೇ. ಆದರೆ ಆ ದಿನ ನನಗೆ ಅದು ಅಳತೆಯ ಕಥೆಯಾಗಿ ಕಂಡಿತು. ಅಕ್ಕಸಾಲಿಗರ ತಕ್ಕಡಿಯಲ್ಲಿ ಗುಲಗಂಜಿಯೇ ಮೂಲ. ಎಂಟು ಗುಲಗಂಜಿಗೆ ಒಂದು ಮಾಷ, ಹನ್ನೆರಡು ಮಾಷಕ್ಕೆ ಒಂದು ತೊಲ. ಗ್ರಾಮಿನಲ್ಲಿ ಹೇಳುವುದಾದರೆ ಒಂದು ಗುಲಗಂಜಿ 0.12. ನಾನು 2015ರಲ್ಲಿ ಹಿಡಿದುಕೊಂಡ ಆ ‘24 ರೂಪಾಯಿ ತೂಕ’ವನ್ನು ಕೆಳಗೆ ಇಳಿಸುತ್ತ ಹೋದರೆ ಕೊನೆಗೆ ಸಿಗುವುದೂ ಬಳ್ಳಿಯಲ್ಲಿ ಬೆಳೆಯುವ ಈ ಕೆಂಪು ಕಾಳೇ. ಎರಡು ಸೇರೂ ಬೀಜದಿಂದಲೇ ಬಂದಂತಾಯಿತು, ಒಂದು ಭತ್ತದಿಂದ, ಒಂದು ಗುಲಗಂಜಿಯಿಂದ.

ಪ್ಯಾರಿಸಿನ ಹತ್ತಿರದ ಸೆವ್ರ್‌ನಲ್ಲಿ ಗಾಜಿನ ಗುಮ್ಮಟಗಳ ಕೆಳಗೆ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ಉಂಡೆಯೊಂದು 1889ರಿಂದ ಲೋಕಕ್ಕೆಲ್ಲ ಕಿಲೋಗ್ರಾಂ ಆಗಿತ್ತು. ಅದು ಕಿಲೋಗ್ರಾಮಿನ ಮಾದರಿಯಲ್ಲ, ಅದೇ ಕಿಲೋಗ್ರಾಂ. ನೂರು ವರ್ಷ ಕಳೆದು ಅದರ ನಕಲುಗಳೊಂದಿಗೆ ತೂಗಿ ನೋಡಿದರೆ ಅವುಗಳ ನಡುವೆ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂದಿತ್ತು. ಒಂದು ಗುಲಗಂಜಿಯನ್ನು ಎರಡು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತ ಕಡಿಮೆ. ಅಷ್ಟಕ್ಕೇ ಅವರ ನಿದ್ದೆ ಕೆಟ್ಟಿತು. ಮೂಲವೇ ಅಲುಗಿದರೆ ಅದರಿಂದ ಹುಟ್ಟಿದ ನ್ಯೂಟನ್, ಜೂಲ್, ವ್ಯಾಟ್ ಎಲ್ಲವೂ ಅಲುಗುತ್ತವೆ. 2019ರ ಮೇ 20ರಿಂದ ಆ ಉಂಡೆಗೆ ನಿವೃತ್ತಿ ಕೊಟ್ಟು, ಪ್ಲಾಂಕ್ ಸ್ಥಿರಾಂಕದ ಬೆಲೆಯನ್ನು ಶಾಶ್ವತವಾಗಿ ಗೊತ್ತುಮಾಡಿ, ಅದರಿಂದ ಕಿಲೋಗ್ರಾಮನ್ನು ಪಡೆಯುತ್ತಿದ್ದಾರೆ. ಮೀಟರ್ 1983ರಲ್ಲೇ ಬೆಳಕಿನ ವೇಗದ ಮೊರೆ ಹೋಗಿತ್ತು. ಅಂದರೆ ವೇಗ ಗೊತ್ತು, ಅದರಿಂದ ಉದ್ದ. ಹುಡುಗನಿಗೆ ನಾನು ಹೇಳಿಕೊಟ್ಟದ್ದರ ಉಲ್ಟಾ. ಈಗ ಏಳು ಸ್ಥಿರಾಂಕಗಳನ್ನು ಗೊತ್ತುಮಾಡಿಕೊಂಡರೆ ಯಾವ ಮಾನವನ್ನು ಬೇಕಾದರೂ ನೇರವಾಗಿ ಪಡೆಯಬಹುದು. ಮೂಲ, ಜನ್ಯ ಎಂಬ ಭೇದ ತಾತ್ವಿಕವಾಗಿ ಬೇಕಾಗಿಯೇ ಇಲ್ಲ, ರೂಢಿಗಾಗಿ ಉಳಿಸಿಕೊಂಡಿದ್ದಾರೆ. ಪಿಯುಸಿಯವನಿಗೆ ಇದನ್ನು ಹೇಳಿದ್ದರೆ ನಾಲ್ಕಕ್ಕೆ ಸೊನ್ನೆ ಬರುತ್ತಿತ್ತು.

ಆದರೆ ನಮ್ಮ ಮನೆಯ ವ್ಯವಹಾರಕ್ಕೆ ಪ್ಲಾಂಕ್ ಸ್ಥಿರಾಂಕದಿಂದ ಏನೂ ಉಪಯೋಗವಿರಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಅಟ್ಟದ ಮೇಲಿನ ಆ ಪಾತ್ರೆ. ಅದನ್ನು ಹೋಗಿ ನೋಡದೆ, ಮುಟ್ಟದೆ, ನೂರಾರು ಮೈಲಿ ದೂರದವಳ ಹಾಗೆ ಪುಸ್ತಕದಿಂದ ಲೆಕ್ಕ ಹಾಕಿದ್ದೆ. ತಿ. ನರಸೀಪುರ ನಂಜನಗೂಡಿಗೆ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆಯ ದಾರಿ.

ಆ ಬಸ್ಸಿನಲ್ಲೇ ಸುತ್ತೂರಿನ ಮೇಲೆ ಹಾದು ಊರಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ಲೆಕ್ಕ: ವರ್ಷಕ್ಕೆ ಅರವತ್ತೈದು ಕೆ.ಜಿ. ಚಿಲ್ಲರೆ, ಒಂಬತ್ತು ವರ್ಷ, ಒಟ್ಟು ಆರು ಕ್ವಿಂಟಲಿಗೆ ಹತ್ತು ಕೆ.ಜಿ. ಕಡಿಮೆ. ದುಡ್ಡಿನಲ್ಲಿ ನೋಡಿದರೆ ನಗು ಬರುತ್ತದೆ. 2015-16ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 1,410 ರೂಪಾಯಿ. ಆ ವರ್ಷ ಅತ್ತೆಗೆ ಕಡಿಮೆ ಬಿದ್ದದ್ದು ಸಾವಿರ ರೂಪಾಯಿಯೂ ಇಲ್ಲ. ಬೈಕಿಗೆ ಪೆಟ್ರೋಲು ಹಾಕಿಸಿಕೊಂಡಂತೆ ಮುಗಿದುಹೋಗುವ ದುಡ್ಡು. ಆ ದುಡ್ಡಿಗಾಗಿ ಅಪ್ಪ ಹೀಗೆ ಮಾಡುವವರಲ್ಲ. 2016ರಲ್ಲಿ ಮಳೆ ಕೈಕೊಟ್ಟು, ಕಾವೇರಿ ಗಲಾಟೆಯಾಗಿ, ನಾಲೆಗೆ ನೀರು ಬಿಡದೆ ನಮ್ಮ ಗದ್ದೆಯಲ್ಲಿ ಒಂದು ತೆನೆಯೂ ಬರಲಿಲ್ಲ. ಆ ವರ್ಷವೂ ಅಪ್ಪ ಬೇರೆಯವರ ಹತ್ತಿರ ಭತ್ತ ಕೊಂಡು, ಸರಿಯಾಗಿ ನಲವತ್ತೈದು ಕೆ.ಜಿ. ತೂಗಿಸಿ, ತಾವೇ ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ಕೊಟ್ಟು ಬಂದಿದ್ದರು.

ಅಪ್ಪ ಹಟ್ಟಿಯಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದರು. ಹೇಳಿದೆ. ಕೈ ನಿಂತಿತು, ಮತ್ತೆ ಕಲಸಿದರು.

“ನಿಮಗೆ ಗೊತ್ತಿತ್ತಾ?” ಎಂದು ಕೇಳಿದೆ.

“ಕಣದಲ್ಲಿ ಹುಟ್ಟಿ ಬೆಳೆದೋನಿಗೆ ಒಂದು ಖಂಡುಗ ಅಂದ್ರೆ ಎಷ್ಟು ಅಂತ ಗೊತ್ತಿರಲ್ವ?” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ನೀನು ಚೀಟೀಲಿ ಬರ್ಕೊಟ್ಟೆ. ನಿಮ್ಮ ಚಿಕ್ಕಪ್ಪ ಅದನ್ನ ಜೇಬಲ್ಲಿ ಇಟ್ಕೊಂಡ. ನಾನು ಅದು ತಪ್ಪು ಅಂದ್ರೆ ನಿನ್ನ ಓದೂ ತಪ್ಪು ಅಂದಂಗಾಗೋದು, ಎಲ್ಲರ ಮುಂದೆ. ಆ ವರ್ಷ ಸುಮ್ಮನಾದೆ. ಆಮೇಲೆ ಹೇಳೋಕೆ ಮುಖ ಇರ್ಲಿಲ್ಲ” ಅಂದರು.

ಇದನ್ನು ನಂಬಬೇಕೋ ಬೇಡವೋ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅರ್ಧ ನಂಬಿದ್ದೇನೆ. ಪೂರ್ತಿ ನಂಬಿದರೆ ತಪ್ಪು ನನ್ನ ಮೇಲೆ ಮಾತ್ರ ಬರುತ್ತದೆ, ಅಪ್ಪ ಪ್ರೀತಿಯಿಂದ ಸುಮ್ಮನಿದ್ದವರಾಗುತ್ತಾರೆ. ಪೂರ್ತಿ ನಂಬದಿದ್ದರೆ ಅಪ್ಪನೇ ನನ್ನ ಚೀಟಿಯ ಹಿಂದೆ ಅವಿತುಕೊಂಡವರಾಗುತ್ತಾರೆ. ನಮ್ಮ ಮನೆಯ ಗೋಡೆಯಲ್ಲಿ ಒಂದು ಫೋಟೋ ಇದೆ. ನಾಲ್ಕು ವರ್ಷದ ನಾನು, ಜ್ವರ ಬಿಟ್ಟ ಹರಕೆಗೆ, ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ತುಲಾಭಾರದ ತಕ್ಕಡಿಯ ಒಂದು ತಟ್ಟೆಯಲ್ಲಿ ಕೂತಿದ್ದೇನೆ, ಇನ್ನೊಂದರಲ್ಲಿ ಬೆಲ್ಲದ ಅಚ್ಚುಗಳು. ಅಪ್ಪ ಬಗ್ಗಿ ಇನ್ನೊಂದು ಅಚ್ಚು ಇಡುತ್ತಿದ್ದಾರೆ. ಎಷ್ಟು ಕೆ.ಜಿ. ಬೆಲ್ಲ ಹಿಡಿಯಿತು ಎಂದು ಯಾವತ್ತೋ ಕೇಳಿದ್ದೆ, ಯಾರೂ ತೂಗಿರಲಿಲ್ಲ. ತುಲಾಭಾರದಲ್ಲಿ ಸಂಖ್ಯೆಯೇ ಇಲ್ಲ. ಮೂಲಮಾನವೂ ಬೇಡ, ಜನ್ಯಮಾನವೂ ಬೇಡ. ಈ ಕಡೆ ಮಗು, ಆ ಕಡೆ ಬೆಲ್ಲ, ಮುಳ್ಳು ನಡುವೆ ನಿಂತರೆ ಮುಗಿಯಿತು. ಅಪ್ಪ ಕೊನೆಗೆ ಒಂದು ಅಚ್ಚು ಹೆಚ್ಚಿಗೆ ಇಟ್ಟು, ಆ ತಟ್ಟೆ ಕೆಳಗಿಳಿದ ಮೇಲೇ ಕೈ ತೆಗೆದರು ಎಂದು ಅಮ್ಮ ಹೇಳುತ್ತಾರೆ.

ಚಿಕ್ಕಪ್ಪ ಮಾತ್ರ, “ಈಗ ಎಲ್ಲ ಎತ್ತಾಡ್ಬೇಡ, ಹಳೇದು ಮುಗೀತು” ಎಂದು ಫೋನಿಟ್ಟರು. ಹಳೇದು ಮುಗಿದಿಲ್ಲ, ಆರು ಕ್ವಿಂಟಲಿಗೆ ಹತ್ತು ಕೆ.ಜಿ. ಕಡಿಮೆ ಎಂದು ನನ್ನ ಪುಸ್ತಕದಲ್ಲಿ ಬರೆದಿದೆ.

2025ರ ಜನವರಿಯಲ್ಲಿ, ಸಂಕ್ರಾಂತಿಯ ನಂತರದ ಭಾನುವಾರ, ಅಪ್ಪನೂ ನಾನೂ ಗೂಡ್ಸ್ ಆಟೋದಲ್ಲಿ ಮೂರು ಚೀಲ ಭತ್ತ ಹಾಕಿಕೊಂಡು ತಿ. ನರಸೀಪುರಕ್ಕೆ ಹೋದೆವು. ತೂಗಿರಲಿಲ್ಲ. ಅಪ್ಪ ಬಾಗಿಲಲ್ಲೇ ಚೀಲ ಇಳಿಸಿ, “ಅಳಿ” ಎಂದಷ್ಟೇ ಅಂದರು. ಅತ್ತೆ ಅಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು, ಒಳಗೆ ಹೋಗಿ ಸೇರು ತಂದರು. ಹುಣಸೆಹಣ್ಣು ಹಾಕಿ ಉಜ್ಜಿದ್ದರಿಂದ ಥಳಥಳ ಎನ್ನುತ್ತಿತ್ತು. ನಡುಮನೆಯಲ್ಲಿ ಚಾಪೆ ಹಾಸಿ ಅಪ್ಪ ತುಂಬಲು ಕೂತರು, ಅತ್ತೆ ಎಣಿಸಲು ಕೂತರು. ಒಂದು ಎನ್ನುವ ಕಡೆ “ಲಾಭ” ಅಂದರು, ಕಣದಲ್ಲಿ ಅನ್ನುವ ಹಾಗೆ. ಆಮೇಲೆ ಎರಡು, ಮೂರು. ಅಪ್ಪ ಸೇರಿನ ಮೇಲೆ ಗೋಪುರ ನಿಲ್ಲುವ ಹಾಗೆ ತುಂಬುತ್ತಿದ್ದರು. ನಾಲ್ಕನೆಯದಕ್ಕೆ ಅತ್ತೆ ಕೈ ಚಾಚಿ, ಅಂಗೈಯಿಂದ ತಲೆ ಹೊಡೆದು, ಹೆಚ್ಚಿನ ಕಾಳನ್ನು ಚೀಲದ ಕಡೆಗೆ ತಳ್ಳಿದರು. “ಅಪ್ಪಯ್ಯ ಹಿಂಗೇ ಅಳೀತಿದ್ದುದು” ಅಂದರು. ಅಪ್ಪ ಐದನೆಯದನ್ನೂ ಗೋಪುರ ಮಾಡಿದರು. ಅತ್ತೆ ಅದನ್ನೂ ಹೊಡೆದರು. ಹೀಗೇ ನಡೆಯಿತು, ಇಬ್ಬರೂ ಮಾತಾಡದೆ, ಹುಡುಗ ಕೊಳಗಕ್ಕೊಂದರಂತೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತ.

ಇಪ್ಪತ್ತನೇ ಗೆರೆ ಎಳೆದಾಗ ಮೂರನೇ ಚೀಲದಲ್ಲಿ ಇನ್ನೂ ಅರ್ಧಕ್ಕೂ ಹೆಚ್ಚು ಇತ್ತು. ಅಪ್ಪ ಸೇರನ್ನು ಮತ್ತೆ ಚೀಲಕ್ಕಿಳಿಸಿದರು. ಅತ್ತೆ ಅದನ್ನು ಅವರ ಕೈಯಿಂದ ತೆಗೆದುಕೊಂಡು ಬೋರಲು ಹಾಕಿ, “ಖಂಡುಗ ಆಯ್ತು” ಎಂದು ಎದ್ದು ಅನ್ನಕ್ಕಿಡಲು ಹೋದರು.